‘ಡಿಸ್ಕ್ ಇಲ್ಲ’ ಅಂತ ಕಂಪ್ಯೂಟರ್ ಹೇಳಿದ್ರೆ ನಂಬಬೇಕಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣ ತಿದ್ದುಪಡಿ ಮಾಡಲಾಗಿದೆ.)

ಈ ಸಲದ ವಿಷಯ ಸ್ವಲ್ಪ ಹಳೇ ಕಾಲದ್ದು ಅನ್ನಿಸಬಹುದು. ಸಿಡಿ, ಡಿವಿಡಿ ಡ್ರೈವ್ ಬಗ್ಗೆ ಮಾತಾಡ್ತೀನಿ. ‘ಈಗ ಯಾರ ಮನೇಲಿ ಸಿಡಿ ಡ್ರೈವ್ ಇದೆ ಮಾರಾಯ’ ಅಂತ ನೀವು ಕೇಳಬಹುದು. ನಿಜ, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಇಲ್ಲ. ಆದ್ರೆ ಡಿಸ್ಕ್ ಇದೆ. ಬೀರುವಿನ ಮೇಲಿನ ಅರೆಯಲ್ಲಿ, ಮದುವೆ ಆಲ್ಬಮ್ ಜೊತೆ, ಪ್ಲಾಸ್ಟಿಕ್ ಕವರ್ ಒಳಗೆ ಇದ್ದೇ ಇರುತ್ತೆ. ಆಡಿಟರ್ ಆಫೀಸಿಗೆ ಹೋದ್ರೆ ಟಿಡಿಎಸ್ ರಿಟರ್ನ್ ಹಾಕಿ ಕೊಡ್ತಿದ್ದ ಕಾಲದ ಸಿಡಿಗಳು ಫೈಲ್ ಜೊತೆ ಈಗಲೂ ಸಿಗುತ್ತವೆ.

ಮೂರು ತಿಂಗಳ ಹಿಂದೆ ಅರಸೀಕೆರೆಯಲ್ಲಿರೋ ನಮ್ಮ ಅತ್ತೆ ಫೋನ್ ಮಾಡಿದ್ರು. ‘ಲೋ, ಆ ಮದುವೆ ಸೀಡಿ ಎಲ್ಲಾ ಹಾಳಾಗಿದ್ಯಂತೆ ಕಣೋ. ಅಂಗಡಿಯವನು ಕಂಪ್ಯೂಟರ್‌ಗೆ ಹಾಕಿ ನೋಡ್ದ, ಒಳಗೆ ಏನೂ ಇಲ್ಲ ಅಂದ. ಬಿಸಾಕ್ಲಾ?’

2008ರಲ್ಲಿ ಅತ್ತೆಯ ದೊಡ್ಡ ಮಗಳ ಮದುವೆ. ಒಟ್ಟು ಐದು ಡಿಸ್ಕ್. ನಾಲ್ಕು ಸ್ಟುಡಿಯೋದವರು ಕೊಟ್ಟ ಡಿವಿಡಿ. ಐದನೆಯದು ಅಂಗೈ ಅಗಲದ ಚಿಕ್ಕ ಡಿಸ್ಕ್, ಯಾರೋ ನೆಂಟರ ಹ್ಯಾಂಡಿಕ್ಯಾಮ್‌ನಲ್ಲಿ ರೆಕಾರ್ಡ್ ಆಗಿದ್ದು. ಚಪ್ಪರದ ದಿನ ನಮ್ಮಜ್ಜಿ ಸೋಬಾನೆ ಹಾಡಿದ್ದು ಅದರಲ್ಲಿದೆ ಅಂತ ಮನೆಯಲ್ಲಿ ಎಲ್ಲರೂ ಹೇಳ್ತಿದ್ರು. ಅಜ್ಜಿ 2012ರಲ್ಲಿ ತೀರಿಕೊಂಡ್ರು. ಅವರ ದನಿ ಬೇರೆಲ್ಲೂ ನಮ್ಮ ಹತ್ರ ಇಲ್ಲ. ‘ಬಿಸಾಕಬೇಡಿ ಅತ್ತೆ, ನಾನು ಬರ್ತೀನಿ’ ಅಂದೆ.

ಬಸ್ಸಲ್ಲಿ ಹೋಗುವಾಗ ಒಂದೇ ಪ್ರಶ್ನೆ ತಲೆಯಲ್ಲಿ ಓಡ್ತಿತ್ತು. ‘ಒಳಗೆ ಏನೂ ಇಲ್ಲ’ ಅಂತ ಹೇಳಿದ್ದು ಯಾರು? ಅಂಗಡಿಯವರಾ? ಅವರು ಪರದೆ ಮೇಲೆ ಬಂದಿದ್ದನ್ನ ಓದಿದ್ರು ಅಷ್ಟೇ. ಕಂಪ್ಯೂಟರಾ? ಅದಕ್ಕೆ ಕಣ್ಣಿಲ್ಲ. ಹಾಗಾದ್ರೆ ಡಿಸ್ಕ್ ಇದೆಯೋ ಇಲ್ಲವೋ ಅಂತ ಸಾಫ್ಟ್‌ವೇರ್‌ಗೆ ಗೊತ್ತಾಗೋದು ಹೇಗೆ? ಇವತ್ತಿನ ಸಂಚಿಕೆ ಇಷ್ಟೇ. ಉತ್ತರ ಗೊತ್ತಿಲ್ಲದಿದ್ರೆ ನಾವು ಚೆನ್ನಾಗಿರೋ ಡಿಸ್ಕನ್ನ ಕಸಕ್ಕೆ ಹಾಕಿಬಿಡ್ತೀವಿ.

ಎಣಿಸಿ ನೋಡೋದಲ್ಲ, ಫೋನ್ ಮಾಡಿ ಕೇಳೋದು

ನಾನು ಓದಿದ್ದು ಬಿ.ಕಾಂ. ಹಾಗಾಗಿ ನನಗೆ ಅರ್ಥವಾಗೋ ಭಾಷೆಯಲ್ಲೇ ಹೇಳ್ತೀನಿ. ಆಡಿಟ್‌ನಲ್ಲಿ ಎರಡು ದಾರಿ ಇದೆ. ಒಂದು, ಗೋಡೌನ್‌ಗೆ ನಾವೇ ಹೋಗಿ ಮೂಟೆ ಎಣಿಸೋದು. ಇನ್ನೊಂದು, ಸ್ಟೋರ್‌ಕೀಪರ್‌ಗೆ ಫೋನ್ ಮಾಡಿ ‘ಎಷ್ಟು ಮೂಟೆ ಇದೆ’ ಅಂತ ಕೇಳಿ ಬರ್ಕೊಳ್ಳೋದು. ಎರಡನೇ ದಾರಿಯಲ್ಲಿ ನಮ್ಮ ಕೈಗೆ ಬರೋದು ಸ್ಟಾಕ್ ಅಲ್ಲ, ಸ್ಟಾಕ್ ಬಗ್ಗೆ ಒಬ್ಬರು ಹೇಳಿದ ಮಾತು.

ಸಿಡಿ ಡ್ರೈವ್ ವಿಷಯದಲ್ಲಿ ಸಾಫ್ಟ್‌ವೇರ್ ಯಾವಾಗಲೂ ಫೋನ್ ಮಾಡೋ ಆಡಿಟರ್. ಡ್ರೈವ್ ಒಳಗೆ ಅದರದೇ ಒಂದು ಪುಟ್ಟ ಕಂಪ್ಯೂಟರ್ ಇದೆ, ಒಂದು ಚಿಪ್ಪು, ಅದರಲ್ಲಿ ಫರ್ಮ್‌ವೇರ್. ಟ್ರೇ ಮೋಟಾರು, ಡಿಸ್ಕ್ ತಿರುಗಿಸೋ ಮೋಟಾರು, ಲೇಸರ್ ಎಲ್ಲಾ ಅದರ ಕೈಯಲ್ಲಿ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ನೇರವಾಗಿ ಲೇಸರ್ ಮುಟ್ಟೋಕೆ ಆಗಲ್ಲ. ಪ್ರಶ್ನೆ ಕಳಿಸಬೇಕು, ಅದು ಕೊಟ್ಟ ಉತ್ತರ ತಗೋಬೇಕು.

ಈ ಪ್ರಶ್ನೋತ್ತರಕ್ಕೆ ಒಂದು ಗೊತ್ತಾದ ಭಾಷೆ ಇದೆ. ಹೆಸರು ಮಲ್ಟಿಮೀಡಿಯಾ ಕಮಾಂಡ್ಸ್, ಚಿಕ್ಕದಾಗಿ ಎಂಎಂಸಿ. ಸ್ಕಸಿ ಅನ್ನೋ ಹಳೆಯ ಕಮಾಂಡ್ ಪದ್ಧತಿಯ ಒಂದು ಭಾಗ ಇದು, ಟಿ10 ಅನ್ನೋ ತಾಂತ್ರಿಕ ಸಮಿತಿ ಬರೆದಿದ್ದು. ಅದಕ್ಕೂ ಮುಂಚೆ ಬಹಳ ಗೋಜಲಿತ್ತು. ಶುರುವಿನ ಸಿಡಿ ಡ್ರೈವ್‌ಗಳಲ್ಲಿ ಎಷ್ಟೋ ಬರ್ತಿದ್ದಿದ್ದು ಆಯಾ ಕಂಪನಿಯ ಸ್ವಂತ ಕಾರ್ಡ್ ಜೊತೆ. ಸೋನಿಗೆ ಒಂದು ಡ್ರೈವರ್, ಪ್ಯಾನಸೋನಿಕ್‌ಗೆ ಇನ್ನೊಂದು, ಮಿತ್ಸುಮಿಗೆ ಮತ್ತೊಂದು. ಆಮೇಲೆ ಸ್ಕಸಿ ಕಮಾಂಡುಗಳನ್ನೇ ಮಾಮೂಲಿ ಹಾರ್ಡ್ ಡಿಸ್ಕ್ ಕೇಬಲ್ ಮೇಲೆ ಕಳಿಸೋ ಅಟಾಪಿ ಬಂತು. ಈಗ ಕೇಬಲ್ ಐಡಿಇ ಇರಲಿ, ಸಾಟಾ ಇರಲಿ, ಯುಎಸ್‌ಬಿ ಇರಲಿ, ಮೇಲೆ ಹೋಗೋ ಮಾತು ಒಂದೇ.

ಮೊದಲ ಪ್ರಶ್ನೆಯ ಹೆಸರು ‘ಟೆಸ್ಟ್ ಯುನಿಟ್ ರೆಡಿ’. ಅಂದ್ರೆ ‘ಏನಪ್ಪಾ, ರೆಡಿನಾ?’ ರೆಡಿ ಇದ್ರೆ ಡ್ರೈವ್ ಹೂಂ ಅನ್ನುತ್ತೆ, ಕಥೆ ಮುಗೀತು. ಇಲ್ಲ ಅಂದ್ರೆ ‘ಯಾಕೆ’ ಅಂತ ಇನ್ನೊಂದು ಪ್ರಶ್ನೆ, ‘ರಿಕ್ವೆಸ್ಟ್ ಸೆನ್ಸ್’. ಅದಕ್ಕೆ ಉತ್ತರ ಮೂರು ಸಂಖ್ಯೆಗಳಲ್ಲಿ ಬರುತ್ತೆ. ಮೊದಲನೆಯದು 2 ಬಂದ್ರೆ ‘ರೆಡಿ ಇಲ್ಲ’. ಎರಡನೆಯದು ಕಾರಣ. 3ಎ ಅಂದ್ರೆ ಡಿಸ್ಕ್ ಸಿಗಲಿಲ್ಲ, 04 ಅಂದ್ರೆ ಡ್ರೈವ್ ಇನ್ನೂ ತಯಾರಾಗಿಲ್ಲ. ಮೂರನೆಯದು ವಿವರ. 3ಎ ನಂತರ 01 ಬಂದ್ರೆ ‘ಟ್ರೇ ಮುಚ್ಚಿದೆ, ಡಿಸ್ಕ್ ಇಲ್ಲ’. 02 ಬಂದ್ರೆ ‘ಟ್ರೇ ತೆರೆದಿದೆ’. 04 ನಂತರ 01 ಬಂದ್ರೆ ‘ತಯಾರಾಗ್ತಾ ಇದ್ದೀನಿ, ಸ್ವಲ್ಪ ತಾಳಿ’.

ಇಷ್ಟು ಸ್ಪಷ್ಟವಾಗಿದ್ರೆ ತೊಂದರೆ ಏನು ಅಂತೀರಾ? ತೊಂದರೆ ಇರೋದು ಸ್ಟೋರ್‌ಕೀಪರ್‌ಗೆ ಆ ಮಾಹಿತಿ ಸಿಗೋದು ಹೇಗೆ ಅನ್ನೋದರಲ್ಲಿ.

ಟ್ರೇಗೆ ಸ್ವಿಚ್ ಇದೆ, ಡಿಸ್ಕ್‌ಗೆ ಇಲ್ಲ

ಡೆಸ್ಕ್‌ಟಾಪ್ ಡ್ರೈವ್‌ನಲ್ಲಿ ಟ್ರೇ ಪೂರ್ತಿ ಒಳಗೆ ಬಂತಾ, ಪೂರ್ತಿ ಹೊರಗೆ ಹೋಯ್ತಾ ಅಂತ ತಿಳಿಯೋಕೆ ಪುಟ್ಟ ಸ್ವಿಚ್ ಇರುತ್ತೆ. ಫ್ರಿಜ್ ಬಾಗಿಲು ಮುಚ್ಚಿದಾಗ ಲೈಟ್ ಆರುತ್ತಲ್ಲ, ಹಾಗೆ. ಈ ಉತ್ತರವನ್ನ ಹೆಚ್ಚು ಕಡಿಮೆ ನಂಬಬಹುದು.

ಆದ್ರೆ ಟ್ರೇ ಇರೋ ಮಾಮೂಲಿ ಡ್ರೈವ್‌ನಲ್ಲಿ ‘ಡಿಸ್ಕ್ ಇದೆಯಾ’ ಅಂತ ಹೇಳೋಕೆ ಅಂಥ ಸ್ವಿಚ್ ಇರಲ್ಲ. ಡ್ರೈವ್ ಏನು ಮಾಡುತ್ತೆ ಅಂದ್ರೆ, ಟ್ರೇ ಒಳಗೆ ಬಂದ ಮೇಲೆ ಲೇಸರ್ ಹಚ್ಚುತ್ತೆ. ಲೆನ್ಸನ್ನ ಮೇಲೆ ಕೆಳಗೆ ಆಡಿಸುತ್ತೆ. ಎಲ್ಲಾದ್ರೂ ಬೆಳಕು ಪ್ರತಿಫಲಿಸಿ ವಾಪಸ್ ಬಂತಾ ಅಂತ ನೋಡುತ್ತೆ. ಬಂದ್ರೆ ಅಲ್ಲಿ ಫೋಕಸ್ ಹಿಡಿದು, ಡಿಸ್ಕ್ ತಿರುಗಿಸಿ, ಇದು ಯಾವ ಥರದ್ದು ಅಂತ ಗುರುತಿಸುತ್ತೆ. ಡಿಸ್ಕ್ ಹಾಕಿದ ತಕ್ಷಣ ಕೇಳಿಸೋ ಆ ‘ಟಿಕ್ ಟಿಕ್, ಝೂಂ’ ಸದ್ದು ಇದೇ.

ಸಿಡಿ, ಡಿವಿಡಿ, ಬ್ಲೂ-ರೇ ಮೂರಕ್ಕೂ ಬೇರೆ ಬೇರೆ ಬೆಳಕು ಬೇಕು. ಸಿಡಿಗೆ 780 ನ್ಯಾನೋಮೀಟರ್, ಡಿವಿಡಿಗೆ 650, ಬ್ಲೂ-ರೇಗೆ 405. ಮಾಹಿತಿ ಇರೋ ಪದರದ ಆಳವೂ ಬೇರೆ. ಸಿಡಿಯಲ್ಲಿ 1.2 ಮಿಲಿಮೀಟರ್ ಪ್ಲಾಸ್ಟಿಕ್ ದಾಟಿ ನೋಡಬೇಕು, ಡಿವಿಡಿಯಲ್ಲಿ 0.6, ಬ್ಲೂ-ರೇಯಲ್ಲಿ ಬರೀ 0.1. ಡ್ರೈವ್ ಒಂದೊಂದನ್ನೇ ಪ್ರಯತ್ನ ಮಾಡಿ ನೋಡುತ್ತೆ.

ಈಗ ಯೋಚನೆ ಮಾಡಿ. ಯಾವುದರಲ್ಲೂ ಸಾಕಷ್ಟು ಬೆಳಕು ವಾಪಸ್ ಬರಲಿಲ್ಲ ಅನ್ಕೊಳ್ಳಿ. ಡ್ರೈವ್ ಏನು ಹೇಳಬೇಕು? ‘ಡಿಸ್ಕ್ ಇಲ್ಲ’ ಅನ್ನುತ್ತೆ. ಅದರ ನಿಜವಾದ ಅರ್ಥ ‘ನನಗೆ ಕಾಣಿಸಲಿಲ್ಲ’ ಅಂತ. ಕತ್ತಲೆ ಕೋಣೆಗೆ ಸೆಲ್ ಮುಗಿದ ಟಾರ್ಚ್ ಹಿಡ್ಕೊಂಡು ಹೋದವರು ‘ಒಳಗೆ ಯಾರೂ ಇಲ್ಲ’ ಅಂದ ಹಾಗೆ.

ಬೆಳಕು ಕಮ್ಮಿ ಬರೋಕೆ ಕಾರಣ ಬಹಳ. ಲೆನ್ಸ್ ಮೇಲೆ ಧೂಳು. ಡಿಸ್ಕ್ ಮೇಲೆ ಗೀರು, ಬೆರಳಿನ ಎಣ್ಣೆ. ಹಳೆಯದಾಗಿ ಶಕ್ತಿ ಕುಂದಿದ ಲೇಸರ್. ಡಿಸ್ಕಿನ ಜಾತಿಯೂ ಮುಖ್ಯ. ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಸಿಡಿ ಶೇ 70ರಷ್ಟು ಬೆಳಕು ವಾಪಸ್ ಕೊಡುತ್ತೆ, ಅಳಿಸಿ ಬರೆಯೋ ಸಿಡಿ-ಆರ್‌ಡಬ್ಲ್ಯು ಕೊಡೋದು ಶೇ 15ರಿಂದ 25 ಅಷ್ಟೇ. ಹಳೆಯ ಸಿಡಿ ಪ್ಲೇಯರ್‌ಗಳು ಆರ್‌ಡಬ್ಲ್ಯು ಡಿಸ್ಕನ್ನ ಕಂಡೇ ಇಲ್ಲ ಅನ್ನೋ ಥರ ವಾಪಸ್ ತಳ್ತಿದ್ದಿದ್ದು ಇದಕ್ಕೇ.

ಇನ್ನೊಂದು ಗುರುತು ನೆನಪಿಡಿ. ನಿಮ್ಮ ಡ್ರೈವ್ ಸಿಡಿ ಎಲ್ಲಾ ಚೆನ್ನಾಗಿ ಓದುತ್ತೆ, ಯಾವ ಡಿವಿಡಿ ಹಾಕಿದ್ರೂ ‘ಡಿಸ್ಕ್ ಇಲ್ಲ’ ಅನ್ನುತ್ತೆ ಅಂದ್ರೆ, ಡಿಸ್ಕ್‌ಗಳನ್ನ ದೂರಬೇಡಿ. ಡಿವಿಡಿಯ 650 ನ್ಯಾನೋಮೀಟರ್ ಲೇಸರ್ ಸೋತಿರೋ ಸಾಧ್ಯತೆ ಹೆಚ್ಚು. ಸಿಡಿ ಲೇಸರ್ ಬೇರೆ, ಅದು ಕೆಲಸ ಮಾಡ್ತಾನೇ ಇರುತ್ತೆ.

ಲಿನಕ್ಸ್ ಕೊಡೋ ಐದು ಉತ್ತರ

ಊರಿಗೆ ಹೋಗುವಾಗ ಒಂದು ಯುಎಸ್‌ಬಿ ಡಿವಿಡಿ ಡ್ರೈವ್, ಲಿನಕ್ಸ್ ಹಾಕಿದ ಹಳೇ ಲ್ಯಾಪ್‌ಟಾಪ್ ತಗೊಂಡು ಹೋಗಿದ್ದೆ. ಲಿನಕ್ಸ್‌ನಲ್ಲಿ ಈ ಕೆಲಸ ಸುಲಭ. ಮೊದಲ ಡ್ರೈವ್‌ನ ಹೆಸರು ಸಾಮಾನ್ಯವಾಗಿ ‘ಎಸ್‌ಆರ್ ಸೊನ್ನೆ’. ಅದನ್ನ ತೆರೆದು ‘ಸಿಡಿರಾಮ್ ಡ್ರೈವ್ ಸ್ಟೇಟಸ್’ ಅನ್ನೋ ಪ್ರಶ್ನೆ ಕೇಳಿದ್ರೆ ಒಂದು ಅಂಕಿ ವಾಪಸ್ ಬರುತ್ತೆ. ಪೈಥಾನ್‌ನಲ್ಲಿ ನಾಲ್ಕು ಸಾಲು ಸಾಕು.

0 ಬಂದ್ರೆ ಮಾಹಿತಿ ಇಲ್ಲ. 1 ಬಂದ್ರೆ ಡಿಸ್ಕ್ ಇಲ್ಲ. 2 ಬಂದ್ರೆ ಟ್ರೇ ತೆರೆದಿದೆ. 3 ಬಂದ್ರೆ ಡ್ರೈವ್ ಇನ್ನೂ ರೆಡಿ ಇಲ್ಲ. 4 ಬಂದ್ರೆ ಡಿಸ್ಕ್ ಇದೆ, ಸರಿ ಇದೆ.

ಇಲ್ಲಿ ನಾನೇ ಒಂದು ತಪ್ಪು ಮಾಡಿದೆ. ‘4 ಬಂದ್ರೆ ಕಾಪಿ ಮಾಡು, ಇಲ್ಲದಿದ್ರೆ ಡಿಸ್ಕ್ ಇಲ್ಲ ಅಂತ ಬರಿ’ ಅಂತ ಸ್ಕ್ರಿಪ್ಟ್ ಬರೆದಿದ್ದೆ. ಮೊದಲ ಎರಡು ಡಿವಿಡಿ ಹಾಕಿದೆ, ಎರಡಕ್ಕೂ ‘ಡಿಸ್ಕ್ ಇಲ್ಲ’. ಅತ್ತೆ ಪಕ್ಕದಲ್ಲೇ ಕೂತಿದ್ರು. ‘ಅಂಗಡಿಯವನು ಹೇಳಿದ್ದು ಸರಿ ಅಲ್ವೇನೋ’ ಅಂದ್ರು. ನಂಗೂ ಹಾಗೇ ಅನ್ನಿಸ್ತು. ಆಮೇಲೆ ಅಂಕಿ ಏನು ಬಂದಿದೆ ಅಂತ ನೋಡಿದೆ. ಬಂದಿದ್ದು 1 ಅಲ್ಲ, 3. ಡ್ರೈವ್ ‘ತಾಳಪ್ಪಾ, ನೋಡ್ತಾ ಇದ್ದೀನಿ’ ಅಂತಿತ್ತು. ಹದಿನೇಳು ವರ್ಷದ ಹಳೇ ಡಿಸ್ಕ್, ಫೋಕಸ್ ಹಿಡಿಯೋಕೆ ಟೈಮ್ ಬೇಕು. ನನ್ನ ಸ್ಕ್ರಿಪ್ಟ್ ಎರಡೇ ಸೆಕೆಂಡ್ ಕಾದು ‘ಇಲ್ಲ’ ಅಂತ ಬರೆದುಬಿಟ್ಟಿತ್ತು. 3 ಬಂದ್ರೆ ಒಂದು ನಿಮಿಷ ತನಕ ಕಾಯಿ ಅಂತ ತಿದ್ದಿದೆ. ಎರಡೂ ಡಿಸ್ಕ್ ಓದಿದವು.

ಅಂದ್ರೆ ಡಿಸ್ಕ್ ಚೆನ್ನಾಗಿತ್ತು, ಡ್ರೈವ್ ಕೂಡ ಸುಳ್ಳು ಹೇಳಿರಲಿಲ್ಲ. ಐದು ಉತ್ತರವನ್ನ ನಾನೇ ಎರಡಕ್ಕೆ ಇಳಿಸಿದ್ದೆ. ಎಷ್ಟೋ ಪ್ರೋಗ್ರಾಂಗಳು ಮಾಡೋದೂ ಇದನ್ನೇ.

ಗೊತ್ತಿಲ್ಲದಾಗ ಊಹೆ

ಲಿನಕ್ಸ್‌ನ ಕರ್ನಲ್ ಕೋಡ್ ಯಾರು ಬೇಕಾದ್ರೂ ಓದಬಹುದು. ನಾನೂ ಕಷ್ಟಪಟ್ಟು ಓದಿದೆ. ಅಲ್ಲೊಂದು ಪ್ರಾಮಾಣಿಕವಾದ ಟಿಪ್ಪಣಿ ಇದೆ. ಕೆಲವು ಹಳೇ ಡ್ರೈವ್‌ಗಳು ಟ್ರೇ ತೆರೆದಿದೆಯೋ ಮುಚ್ಚಿದೆಯೋ ಹೇಳಲ್ಲ. ಅಂಥ ಸಂದರ್ಭದಲ್ಲಿ ತಿಳಿಯೋಕೆ ಬೇರೆ ದಾರಿ ಇಲ್ಲದ್ದರಿಂದ ಕರ್ನಲ್ ಕೆಲವು ಸಲ ‘ಟ್ರೇ ತೆರೆದಿದೆ’ ಅಂತಲೇ ಉತ್ತರ ಕೊಡಬಹುದು. ನಿಮ್ಮ ಕಣ್ಣೆದುರೇ ಟ್ರೇ ಮುಚ್ಚಿದ್ರೂ ಸಾಫ್ಟ್‌ವೇರ್ ತೆರೆದಿದೆ ಅನ್ನಬಹುದು. ಅದು ಊಹೆ.

ಇನ್ನೊಂದು ನಂಗೆ ಬಹಳ ಇಷ್ಟವಾಯ್ತು. ಲಿನಕ್ಸ್‌ನಲ್ಲಿ ‘ಇಜೆಕ್ಟ್’ ಅನ್ನೋ ಚಿಕ್ಕ ಪ್ರೋಗ್ರಾಂ ಇದೆ. ಟ್ರೇ ತೆರೆದಿದ್ರೆ ಮುಚ್ಚು, ಮುಚ್ಚಿದ್ರೆ ತೆರೆ ಅನ್ನೋ ಆಯ್ಕೆ ಅದರಲ್ಲಿದೆ. ಮೊದಲು ಡ್ರೈವನ್ನೇ ಕೇಳುತ್ತೆ. ಡ್ರೈವ್ ಹೇಳದಿದ್ರೆ? ಸುಮ್ಮನೆ ‘ತೆರೆ’ ಅಂತ ಆಜ್ಞೆ ಕೊಟ್ಟು, ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯುತ್ತೆ! ಮೊದಲೇ ತೆರೆದಿದ್ರೆ ಮಾಡೋಕೆ ಕೆಲಸ ಇಲ್ಲ, 0.05 ಸೆಕೆಂಡ್ ಒಳಗೆ ಮುಗಿಯುತ್ತೆ. ಮುಚ್ಚಿದ್ದರೆ ಮೋಟಾರು ಓಡಬೇಕು, ಕಡಿಮೆ ಅಂದ್ರೂ ಒಂದೂವರೆ ಸೆಕೆಂಡ್. ತನ್ನ ಅನುಭವದಲ್ಲಿ ಇಷ್ಟು ಅಂತ ಬರೆದವರೇ ಟಿಪ್ಪಣಿ ಹಾಕಿದ್ದಾರೆ. ಕೋಡ್‌ನಲ್ಲಿ ಗಡಿ ಇಟ್ಟಿರೋದು 0.2 ಸೆಕೆಂಡ್. ಅದಕ್ಕಿಂತ ಬೇಗ ಮುಗಿದ್ರೆ ‘ಓ, ತೆರೆದೇ ಇತ್ತು’ ಅಂತ ತಿಳಿದು ಮುಚ್ಚುತ್ತೆ. ಸ್ಟೋರ್‌ಕೀಪರ್ ಬಾಯಿ ಬಿಡದಿದ್ರೆ, ಫೋನ್ ಎತ್ತೋಕೆ ಎಷ್ಟು ಹೊತ್ತು ತಗೊಂಡ ಅನ್ನೋದರಿಂದ ಗೋಡೌನ್‌ನಲ್ಲಿದ್ನಾ ಮನೇಲಿದ್ನಾ ಅಂತ ಲೆಕ್ಕ ಹಾಕಿದ ಹಾಗೆ.

ವಿಂಡೋಸ್‌ನಲ್ಲಿ ಹೇಗೆ?

ವಿಂಡೋಸ್‌ನಲ್ಲಿ ಸುಲಭದ ದಾರಿ ‘ವಿನ್32 ಸಿಡಿರಾಮ್ ಡ್ರೈವ್’ ಅನ್ನೋ ಮಾಹಿತಿ ಪಟ್ಟಿ. ಪವರ್‌ಶೆಲ್‌ನಿಂದ ನೋಡಬಹುದು. ಅದರಲ್ಲಿ ‘ಮೀಡಿಯಾ ಲೋಡೆಡ್’ ಅಂತ ಒಂದು ಕಾಲಂ ಇದೆ. ಉತ್ತರ ಹೌದು ಅಥವಾ ಇಲ್ಲ, ಎರಡೇ. ಟ್ರೇ ತೆರೆದಿದ್ರೂ ಇಲ್ಲ, ಟ್ರೇ ಖಾಲಿ ಇದ್ರೂ ಇಲ್ಲ. ಡ್ರೈವನ್ನ ನೇರವಾಗಿ ಪರೀಕ್ಷೆ ಮಾಡಿದ್ರೆ ‘ಸಾಧನ ಸಿದ್ಧವಾಗಿಲ್ಲ’ ಅನ್ನೋ 21ನೇ ನಂಬರ್ ತಪ್ಪು ಬರುತ್ತೆ. ಅದೂ ಅಷ್ಟೇ, ಯಾಕೆ ಅಂತ ಬಿಡಿಸಿ ಹೇಳಲ್ಲ.

ಬಿಡಿಸಿ ತಿಳಿಯಬೇಕು ಅಂದ್ರೆ ಎಂಎಂಸಿ ಕಮಾಂಡನ್ನ ನಾವೇ ನೇರ ಡ್ರೈವ್‌ಗೆ ಕಳಿಸಬೇಕು. ವಿಂಡೋಸ್ ಅದಕ್ಕೆ ‘ಸ್ಕಸಿ ಪಾಸ್ ಥ್ರೂ’ ಅನ್ನೋ ದಾರಿ ಕೊಟ್ಟಿದೆ. ಕಳಿಸಬೇಕಾದ ಕಮಾಂಡ್ ‘ಗೆಟ್ ಇವೆಂಟ್ ಸ್ಟೇಟಸ್ ನೋಟಿಫಿಕೇಶನ್’, ನಂಬರ್ 4ಎ. ಮೀಡಿಯಾ ಬಗ್ಗೆ ಕೇಳಿದ್ರೆ ಎಂಟು ಬೈಟ್ ಉತ್ತರ ಬರುತ್ತೆ. ಅದರ ಆರನೇ ಬೈಟ್ ನೋಡಿ. 0 ಇದ್ರೆ ಟ್ರೇ ಮುಚ್ಚಿದೆ, ಡಿಸ್ಕ್ ಇಲ್ಲ. 1 ಇದ್ರೆ ಟ್ರೇ ತೆರೆದಿದೆ. 2 ಇದ್ರೆ ಟ್ರೇ ಮುಚ್ಚಿದೆ, ಡಿಸ್ಕ್ ಇದೆ. ಲಿನಕ್ಸ್ ಕರ್ನಲ್ ಕೂಡ ಒಳಗೆ ಇದೇ ಕಮಾಂಡ್ ಬಳಸುತ್ತೆ. ಮ್ಯಾಕ್ ಇರೋರು ಟರ್ಮಿನಲ್‌ನಲ್ಲಿ ‘ಡಿಆರ್‌ಯುಟಿಲ್ ಸ್ಟೇಟಸ್’ ಅಂತ ಹೊಡೆದು ನೋಡಬಹುದು.

ಕೇಳೋದ್ರಿಂದಲೇ ಬದಲಾಗಬಹುದು

ಸ್ಥಿತಿ ಕೇಳೋದು ಅಂದ್ರೆ ಸುಮ್ಮನೆ ನೋಡೋದು, ಅದರಿಂದ ಏನೂ ಬದಲಾಗಲ್ಲ ಅನ್ಕೋತೀವಿ ಅಲ್ವಾ? ಇಲ್ಲಿ ಹಾಗಲ್ಲ. ಲಿನಕ್ಸ್‌ನಲ್ಲಿ ಡ್ರೈವನ್ನ ಮಾಮೂಲಿ ಫೈಲ್ ತೆರೆದ ಹಾಗೆ ತೆರೆದ್ರೆ, ಕರ್ನಲ್ ‘ಇವರಿಗೆ ಡಿಸ್ಕ್ ಓದಬೇಕು’ ಅನ್ಕೊಳ್ಳುತ್ತೆ. ಟ್ರೇ ಹೊರಗಿದ್ರೆ ತಾನೇ ಒಳಗೆ ಎಳ್ಕೊಳ್ಳುತ್ತೆ. ‘ಟ್ರೇ ತೆರೆದಿದೆಯಾ’ ಅಂತ ಕೇಳೋಕೆ ಹೋದ್ರೆ ಟ್ರೇ ಮುಚ್ಚಿಹೋಗುತ್ತೆ! ಡಿಸ್ಕ್ ಓದೋಕೆ ಅಂತ ತೆರೆದಾಗ ಬಾಗಿಲಿಗೆ ಬೀಗ ಕೂಡ ಹಾಕುತ್ತೆ. ಅದಕ್ಕೇ ಸ್ಥಿತಿ ಮಾತ್ರ ಕೇಳೋರು ‘ನಾನ್‌ಬ್ಲಾಕ್’ ಅನ್ನೋ ಗುರುತು ಹಾಕಿ ತೆರೆಯಬೇಕು. ಆಗ ಕರ್ನಲ್ ಟ್ರೇ ಮುಟ್ಟಲ್ಲ.

ಬೀಗದ ಮಾತು ಬಂತು ಅಂತ ಹೇಳ್ತೀನಿ. ಡಿಸ್ಕ್ ಬಳಕೆಯಲ್ಲಿ ಇರುವಾಗ ನೀವು ಡ್ರೈವ್‌ನ ಬಟನ್ ಒತ್ತಿದ್ರೂ ಕೆಲವು ಸಲ ಟ್ರೇ ಬರಲ್ಲ ಅಲ್ವಾ? ಬಟನ್ ಕೆಟ್ಟಿಲ್ಲ. ಬೀಗ ಹಾಕಿದಾಗ ಬಟನ್ ಬರೀ ಒಂದು ಅರ್ಜಿ. ‘ಯಾರೋ ಹೊರಗೆ ತೆಗೀರಿ ಅಂತಿದ್ದಾರೆ’ ಅಂತ ಡ್ರೈವ್ ಸಾಫ್ಟ್‌ವೇರ್‌ಗೆ ತಿಳಿಸುತ್ತೆ ಅಷ್ಟೇ. ಅರ್ಜಿ ಮಂಜೂರು ಮಾಡೋದು ಬಿಡೋದು ಸಾಫ್ಟ್‌ವೇರ್ ಕೈಲಿದೆ. ಕಂಪ್ಯೂಟರ್ ಪೂರ್ತಿ ಸುಮ್ಮನಾಗಿದ್ರೆ ಆಫ್ ಮಾಡಿ, ಮುಂದಿರೋ ಸಣ್ಣ ತೂತಿಗೆ ನೇರ ಮಾಡಿದ ಪೇಪರ್ ಕ್ಲಿಪ್ ಹಾಕಿ ಒತ್ತಿದ್ರೆ ಟ್ರೇ ಸಡಿಲ ಆಗುತ್ತೆ.

ಲ್ಯಾಪ್‌ಟಾಪ್‌ನ ತೆಳು ಡ್ರೈವ್‌ಗಳಲ್ಲಿ ಇನ್ನೊಂದು ವಿಶೇಷ. ಅದರ ಟ್ರೇಗೆ ಮೋಟಾರು ಇರಲ್ಲ. ಒಂದು ಸ್ಪ್ರಿಂಗ್ ಹೊರಗೆ ತಳ್ಳುತ್ತೆ, ಒಳಗೆ ನಾವೇ ಕೈಯಿಂದ ತಳ್ಳಬೇಕು. ‘ಟ್ರೇ ಮುಚ್ಚು’ ಅಂತ ಸಾಫ್ಟ್‌ವೇರ್ ಎಷ್ಟು ಸಲ ಹೇಳಿದ್ರೂ ಆಗಲ್ಲ. ನಿಮ್ಮ ಡ್ರೈವ್‌ಗೆ ಏನೇನು ಬರುತ್ತೆ ಅಂತ ಲಿನಕ್ಸ್‌ನ ‘ಪ್ರಾಕ್’ ಫೋಲ್ಡರ್‌ನಲ್ಲಿ ಸಿಡಿರಾಮ್ ಮಾಹಿತಿ ಫೈಲ್ ಇದೆ, ಅಲ್ಲಿ ಸಾಲಾಗಿ ಪಟ್ಟಿ ಇರುತ್ತೆ. ಟ್ರೇ ತೆರೆಯಬಲ್ಲದಾ, ಮುಚ್ಚಬಲ್ಲದಾ, ಬೀಗ ಹಾಕಬಲ್ಲದಾ, ಡಿವಿಡಿ ಓದಬಲ್ಲದಾ ಅಂತ. ಪ್ರತಿಯೊಂದರ ಮುಂದೆ 1 ಅಥವಾ 0.

ಖಾಲಿ ಬೇರೆ, ಅಪೂರ್ಣ ಬೇರೆ

ಈಗ ಅಜ್ಜಿಯ ಡಿಸ್ಕ್ ವಿಷಯ. ಇಲ್ಲಿವರೆಗೆ ಹೇಳಿದ್ದರಲ್ಲಿ ಇದೇ ಮುಖ್ಯ.

ಆ ಚಿಕ್ಕ ಡಿಸ್ಕ್ 8 ಸೆಂಟಿಮೀಟರ್‌ದು. ಟ್ರೇ ಮಧ್ಯದ ಸಣ್ಣ ಗುಂಡಿಯಲ್ಲಿ ಕೂರಿಸಿದೆ. (ಟ್ರೇ ಇಲ್ಲದೆ ಸೀಳಿನಲ್ಲಿ ತೂರಿಸೋ ಡ್ರೈವ್‌ಗೆ ಮಾತ್ರ ಇದನ್ನ ಹಾಕಬೇಡಿ, ಒಳಗೇ ಸಿಕ್ಕಿಹಾಕ್ಕೊಳ್ಳಬಹುದು.) ಸ್ಥಿತಿ 4, ಡಿಸ್ಕ್ ಇದೆ. ಆದ್ರೆ ಫೈಲ್ ಒಂದೂ ಕಾಣಿಸಲಿಲ್ಲ. ಅತ್ತೆ ಮನೆಯ ಕಂಪ್ಯೂಟರ್‌ಗೆ ಹಾಕಿದ್ರೆ ಅದು ಇನ್ನೂ ಮುಂದೆ ಹೋಗಿ, ‘ಇದು ಖಾಲಿ ಡಿಸ್ಕ್, ಹೇಗೆ ಬಳಸಬೇಕು ಅಂತೀರಿ’ ಅಂತ ಕೇಳಿ ಫಾರ್ಮ್ಯಾಟ್ ಮಾಡೋ ಬಟನ್ ತೋರಿಸ್ತು. ಅತ್ತೆಯ ಮೊಮ್ಮಗ ಮೌಸ್ ಹಿಡ್ಕೊಂಡು ಕೂತಿದ್ದ. ‘ಓಕೆ ಒತ್ಲಾ ಮಾಮ?’ ಅಂದ. ನಾನು ಕೂಗಿದ ರೀತಿಗೆ ಪಾಪ ಹುಡುಗ ಎದ್ದೇ ನಿಂತ.

ಯಾಕೆ ಕೂಗಿದೆ ಅಂದ್ರೆ, ಒಂದೇ ಸಲ ಬರೆಯೋ ಡಿಸ್ಕ್‌ನಲ್ಲಿ ರೆಕಾರ್ಡಿಂಗ್ ಮುಗಿದ ಮೇಲೆ ‘ಫೈನಲೈಸ್’ ಅಂತ ಒಂದು ಕೆಲಸ ಇರುತ್ತೆ. ಲೆಕ್ಕದ ಪುಸ್ತಕದಲ್ಲಿ ವರ್ಷದ ಕೊನೆಗೆ ಕ್ಲೋಸಿಂಗ್ ಎಂಟ್ರಿ ಹಾಕ್ತೀವಲ್ಲ, ಹಾಗೆ. ಅದು ಆಗದಿದ್ರೆ ಬೇರೆ ಪ್ಲೇಯರ್‌ಗಳಿಗೆ ಒಳಗೆ ಏನಿದೆ ಅಂತ ಹುಡುಕೋಕೆ ಪರಿವಿಡಿ ಸಿಗಲ್ಲ. ಡಿವಿಡಿ ಹ್ಯಾಂಡಿಕ್ಯಾಮ್ ಬಳಸ್ತಿದ್ದ ಎಷ್ಟೋ ಜನ ಅದನ್ನ ಮಾಡ್ತಾನೇ ಇರಲಿಲ್ಲ, ಯಾಕಂದ್ರೆ ಅದೇ ಕ್ಯಾಮೆರಾದಲ್ಲಿ ಹಾಕಿದ್ರೆ ವಿಡಿಯೋ ಬರ್ತಿತ್ತು. ಪುಸ್ತಕ ಬರೆದಿದೆ, ಕ್ಲೋಸ್ ಮಾಡಿಲ್ಲ ಅಷ್ಟೇ. ಆದ್ರೆ ಬೇರೆ ಕಂಪ್ಯೂಟರ್‌ಗೆ ಅದು ಖಾಲಿ ಪುಸ್ತಕದ ಥರ ಕಾಣಬಹುದು. ಆ ಹೊತ್ತಲ್ಲಿ ಏನಾದ್ರೂ ಬರೆಯೋಕೆ ಹೋದ್ರೆ ಇದ್ದಿದ್ದನ್ನೂ ವಾಪಸ್ ತೆಗೆಯೋದು ಕಷ್ಟ ಆಗುತ್ತೆ.

ಪುಣ್ಯಕ್ಕೆ ಎಂಎಂಸಿಯಲ್ಲಿ ಇದಕ್ಕೂ ಪ್ರಶ್ನೆ ಇದೆ. ‘ರೀಡ್ ಡಿಸ್ಕ್ ಇನ್ಫರ್ಮೇಶನ್’. ಇದು ಖಾಲಿ, ಅಪೂರ್ಣ, ಪೂರ್ಣ ಅಂತ ಬೇರೆ ಬೇರೆಯಾಗಿ ಹೇಳುತ್ತೆ. ಲಿನಕ್ಸ್‌ನಲ್ಲಿ ‘ಡಿವಿಡಿ ಪ್ಲಸ್ ಆರ್‌ಡಬ್ಲ್ಯು ಮೀಡಿಯಾಇನ್ಫೋ’ ಅನ್ನೋ ಪ್ರೋಗ್ರಾಂ ಓಡಿಸಿದ್ರೆ ‘ಡಿಸ್ಕ್ ಸ್ಟೇಟಸ್’ ಅಂತ ಒಂದು ಸಾಲು ಬರುತ್ತೆ. ‘ಬ್ಲ್ಯಾಂಕ್’ ಬಂದ್ರೆ ನಿಜವಾಗ್ಲೂ ಏನೂ ಬರೆದಿಲ್ಲ. ‘ಕಂಪ್ಲೀಟ್’ ಬಂದ್ರೆ ಫೈನಲೈಸ್ ಆಗಿದೆ. ನಮಗೆ ಬಂದಿದ್ದು ‘ಅಪೆಂಡಬಲ್’. ಅಂದ್ರೆ ಬರೆದಿದೆ, ಇನ್ನೂ ಬರೆಯಬಹುದು, ಮುಗಿಸಿಲ್ಲ.

ಆ ಒಂದು ಪದ ನೋಡಿ ಎದೆ ಢವ ಢವ ಅಂತು. ಒಳಗೆ ಏನೋ ಇದೆ.

ಐದು ಡಿಸ್ಕ್‌ಗಳ ಕಥೆ

ಮೊದಲ ಎರಡು ಡಿಸ್ಕ್ ಕಾಯೋದ್ರಲ್ಲೇ ಬಂದವು ಅಂತ ಹೇಳಿದೆ. ಮೂರನೆಯದು ನನ್ನ ಯುಎಸ್‌ಬಿ ಡ್ರೈವ್‌ನಲ್ಲಿ ಎಷ್ಟು ಕಾದ್ರೂ 1, ಡಿಸ್ಕ್ ಇಲ್ಲ. ಮೆತ್ತಗಿನ ಬಟ್ಟೆಯಲ್ಲಿ ಮಧ್ಯದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದೆ, ಆದ್ರೂ ಅಷ್ಟೇ. ಬೆಂಗಳೂರಿಗೆ ತಂದು ಗೆಳೆಯನ ಹಳೇ ಡೆಸ್ಕ್‌ಟಾಪ್ ಡ್ರೈವ್‌ಗೆ ಹಾಕಿದೆ. ಇಪ್ಪತ್ತು ಸೆಕೆಂಡ್ ಗುರ್ ಅಂದು 4 ಬಂತು. ‘ಜಿಎನ್‌ಯು ಡಿಡಿರೆಸ್ಕ್ಯೂ’ ಅನ್ನೋ ಉಚಿತ ಪ್ರೋಗ್ರಾಂನಿಂದ ಕಾಪಿ ಮಾಡಿದೆ. ಅದರ ಗುಣ ಏನಂದ್ರೆ, ಎಲ್ಲಿ ಓದೋಕೆ ಆಯ್ತು ಎಲ್ಲಿ ಆಗಲಿಲ್ಲ ಅಂತ ಲೆಕ್ಕ ಇಟ್ಟುಕೊಳ್ಳುತ್ತೆ. ಬಿಟ್ಟುಹೋದ ಜಾಗವನ್ನ ಮಾತ್ರ ಇನ್ನೊಂದು ಡ್ರೈವ್‌ನಲ್ಲಿ ಮತ್ತೆ ಪ್ರಯತ್ನ ಮಾಡಬಹುದು. ಊಟದ ಪಂಕ್ತಿಯ ಒಂದಷ್ಟು ಚೂರು ಬಿಟ್ಟು ಉಳಿದಿದ್ದೆಲ್ಲಾ ಬಂತು.

ನಾಲ್ಕನೆಯದನ್ನ ಮೂರು ಡ್ರೈವ್‌ನಲ್ಲಿ ನೋಡಿದ್ದೀನಿ, ಮೂರರಲ್ಲೂ ಇಲ್ಲ. ಅದನ್ನ ಬಿಸಾಕಿಲ್ಲ. ಮೂರು ಡ್ರೈವ್‌ಗೆ ಕಾಣಲಿಲ್ಲ ಅನ್ನೋದಷ್ಟೇ ನನಗೆ ಗೊತ್ತಿರೋದು.

ಐದನೆಯದು. ಅಪೂರ್ಣ ಡಿಸ್ಕ್‌ಗೆ ಒಳ್ಳೇ ದಾರಿ ಅಂದ್ರೆ ಅದೇ ಕ್ಯಾಮೆರಾ ಹುಡುಕಿ ಅದರಲ್ಲೇ ಫೈನಲೈಸ್ ಮಾಡೋದು. ಆ ಕ್ಯಾಮೆರಾ ಯಾವತ್ತೋ ಗುಜರಿಗೆ ಹೋಗಿತ್ತು. ‘ಐಸೋಬಸ್ಟರ್’ ಥರದ ಪ್ರೋಗ್ರಾಂಗಳು ಪರಿವಿಡಿ ಇಲ್ಲದಿದ್ರೂ ಡಿಸ್ಕ್ ಪೂರ್ತಿ ಜಾಲಾಡಿ ವಿಡಿಯೋ ತುಣುಕು ಹುಡುಕ್ತವೆ. ಹನ್ನೊಂದು ತುಣುಕು ಸಿಕ್ಕಿದವು. ಆರನೆಯದು ಚಪ್ಪರದ ದಿನದ್ದು. ಪಕ್ಕದಲ್ಲಿ ಯಾರೋ ಪಾತ್ರೆ ಬಡಿಯೋ ಸದ್ದು, ಮಕ್ಕಳ ಗಲಾಟೆ, ಅದರ ಮಧ್ಯೆ ಅಜ್ಜಿ. ನಾಲ್ಕು ನಿಮಿಷ ಚಿಲ್ಲರೆ. ಅತ್ತೆಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ರಾತ್ರಿ ಫೋನ್ ಮಾಡಿ ‘ಆ ಅಂಗಡಿಯವನ ಮಾತು ಕೇಳಿದ್ರೆ ಏನಾಗ್ತಿತ್ತು ನೋಡು’ ಅಂದ್ರು. ಅಂಗಡಿಯವರದ್ದು ತಪ್ಪಿಲ್ಲ ಅತ್ತೆ, ಅವರಿಗೆ ಪರದೆ ಮೇಲೆ ಬಂದಿದ್ದೇ ಅದು ಅಂದೆ.

ನೀವು ಮಾಡಬಹುದಾದ್ದು

ನಿಮ್ಮ ಮನೇಲೂ ಇಂಥ ಡಿಸ್ಕ್ ಇದ್ರೆ, ಚುಟುಕಾಗಿ ಹೇಳ್ತೀನಿ.

ಒಂದು, ‘ಡಿಸ್ಕ್ ಇಲ್ಲ’ ಅಂತ ಬಂದ್ರೆ ಒಂದು ನಿಮಿಷ ಕಾಯಿರಿ. ಆಮೇಲೆ ಹೊರಗೆ ತೆಗೆದು ಒರೆಸಿ ಮತ್ತೆ ಹಾಕಿ.

ಎರಡು, ಅದೇ ಡ್ರೈವ್‌ಗೆ ಚೆನ್ನಾಗಿರೋ ಇನ್ನೊಂದು ಡಿಸ್ಕ್ ಹಾಕಿ ನೋಡಿ. ಡಿವಿಡಿ ಪರೀಕ್ಷೆಗೆ ಡಿವಿಡಿಯನ್ನೇ ಹಾಕಿ, ಸಿಡಿ ಅಲ್ಲ. ಅದೂ ಓದದಿದ್ರೆ ಕೆಟ್ಟಿರೋದು ಡ್ರೈವ್.

ಮೂರು, ಕಡಿಮೆ ಅಂದ್ರೂ ಇನ್ನೆರಡು ಬೇರೆ ಡ್ರೈವ್‌ನಲ್ಲಿ ಪ್ರಯತ್ನ ಮಾಡಿ. ಒಂದು ಡ್ರೈವ್‌ಗೆ ಕಾಣದ್ದು ಇನ್ನೊಂದಕ್ಕೆ ಕಾಣಬಹುದು.

ನಾಲ್ಕು, ‘ಖಾಲಿ ಡಿಸ್ಕ್’ ಅಂತ ಬಂದು ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳಿದ್ರೆ ಬೇಡ ಅನ್ನಿ. ತಿರುಗಿಸಿ ಹಿಂಬದಿ ನೋಡಿ. ಬರೆದಿರೋ ಭಾಗದ ಬಣ್ಣ ಬರೆಯದ ಭಾಗಕ್ಕಿಂತ ಬಹಳ ಸಲ ಸ್ವಲ್ಪ ಬೇರೆ ಇರುತ್ತೆ, ಮಧ್ಯದಿಂದ ಶುರುವಾಗೋ ಒಂದು ಉಂಗುರದ ಥರ. ಸಾಫ್ಟ್‌ವೇರ್‌ಗೆ ಇಲ್ಲದ ಕಣ್ಣು ನಮಗಿದೆ, ಅದನ್ನ ಬಳಸಿ.

ಐದು, ಓದಿದ ಡಿಸ್ಕನ್ನ ಅವತ್ತೇ ಕಾಪಿ ಮಾಡಿ, ಎರಡು ಕಡೆ ಇಡಿ. ನಾಳೆ ಓದುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಇನ್ನು ಪ್ರೋಗ್ರಾಂ ಬರೆಯೋರಿಗೆ ಒಂದೇ ಮಾತು. ಡ್ರೈವ್ ಐದು ಥರದ ಉತ್ತರ ಕೊಟ್ರೆ ಐದನ್ನೂ ಜನರಿಗೆ ತೋರಿಸಿ. ‘ಡಿಸ್ಕ್ ಇಲ್ಲ’ ಅನ್ನೋ ಬದಲು ‘ಡ್ರೈವ್‌ಗೆ ಡಿಸ್ಕ್ ಕಾಣಿಸ್ತಿಲ್ಲ’ ಅಂತ ಬರೆದ್ರೆ ಒಂದು ಪದ ಜಾಸ್ತಿ ಆಗುತ್ತೆ ಅಷ್ಟೇ. ಅದನ್ನ ಓದಿ ಯಾರೋ ಒಬ್ಬರು ಕಸದ ಬುಟ್ಟಿ ಕಡೆ ಹೋಗ್ತಿದ್ದೋರು ನಿಲ್ಲಬಹುದು.

ಇವತ್ತಿಗೆ ಇಷ್ಟೇ. ಬೀರುವಿನ ಮೇಲಿನ ಅರೆ ಒಂದು ಸಲ ನೋಡಿ.